ಸವೆಯದ ಖಡ್ಗ, ಇಳಿಯುವ ಬೆಲೆ
ಕಂಪ್ಯೂಟರ್ ಆಟಗಳ ಮಾಯಾಲೋಕದಲ್ಲಿ ಮಾಂತ್ರಿಕ ವಸ್ತುಗಳ ಅರ್ಥವ್ಯವಸ್ಥೆ

2001ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೋವಾ ಅವರು ಒಂದು ವಿಚಿತ್ರ ದೇಶದ ಆರ್ಥಿಕ ಸ್ಥಿತಿಗತಿಗಳನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಆ ದೇಶದ ಹೆಸರು ನೋರಾತ್. ಅಲ್ಲಿಯ ತಲಾ ಉತ್ಪನ್ನ 2,266 ಡಾಲರ್. ಅಂದರೆ ರಷ್ಯಾ ಮತ್ತು ಬಲ್ಗೇರಿಯಗಳ ನಡುವಿನ ಸ್ಥಾನ. ಅಲ್ಲಿಯ ಪ್ಲಾಟಿನಂ ನಾಣ್ಯ ಒಂದಕ್ಕೆ ಸುಮಾರು 1.07 ಅಮೆರಿಕನ್ ಸೆಂಟ್ ವಿನಿಮಯ ದರವಿದ್ದು, ಅದು ಅಂದಿನ ಜಪಾನಿನ ಯೆನ್‌ಗಿಂತಲೂ ಹೆಚ್ಚಾಗಿತ್ತು. ಅಲ್ಲಿ ದುಡಿಯುವವನ ಒಂದು ಗಂಟೆಯ ಗಳಿಕೆ 3.42 ಡಾಲರ್. ಆದರೆ ಈ ದೇಶ ಯಾವ ಭೂಪಟದಲ್ಲಿಯೂ ಇಲ್ಲ. 1999ರಲ್ಲಿ ಆರಂಭವಾದ 'ಎವರ್‌ಕ್ವೆಸ್ಟ್' ಎಂಬ ಕಂಪ್ಯೂಟರ್ ಆಟದೊಳಗಿನ ಕಾಲ್ಪನಿಕ ಲೋಕವೇ ನೋರಾತ್. ಅಲ್ಲಿಯ ನಾಣ್ಯ ಹಾಗೂ ಪಾತ್ರಗಳನ್ನು ಆಟಗಾರರು ಇಂಟರ್‌ನೆಟ್ ಹರಾಜಿನಲ್ಲಿ ನಿಜವಾದ ಡಾಲರ್‌ಗಳಿಗೆ ಮಾರಿಕೊಳ್ಳುತ್ತಿದ್ದ ಬೆಲೆಗಳನ್ನು ಆಧರಿಸಿ ಕ್ಯಾಸ್ಟ್ರೊನೋವಾ ಈ ಅಂಕಿಗಳನ್ನು ಲೆಕ್ಕ ಹಾಕಿದ್ದರು.

ಇಂತಹ ಲೋಕಗಳ ಸಂಪತ್ತಿನಲ್ಲಿ ಬಹುಪಾಲು ಮಾಂತ್ರಿಕ ವಸ್ತುಗಳ ರೂಪದಲ್ಲಿರುತ್ತದೆ. ಹೊಡೆತದ ಬಲವನ್ನು ಹೆಚ್ಚಿಸುವ ಖಡ್ಗ, ಗಾಯವನ್ನು ತಾನಾಗಿ ಮಾಯಿಸುವ ಕವಚ, ಮಂತ್ರಶಕ್ತಿಯನ್ನು ವೃದ್ಧಿಸುವ ಉಂಗುರ ಇತ್ಯಾದಿಗಳೇ ಅಲ್ಲಿಯ ಸರಕು. ಮಕ್ಕಳಾಟವೆಂದು ಬದಿಗಿಡಬಹುದಾದ ಈ ವಿಷಯ ವ್ಯಾಪಾರಸ್ಥರ ಗಮನಕ್ಕೆ ಅರ್ಹವಾಗಿದೆ. ಏಕೆಂದರೆ ಸರಕಿನ ಉತ್ಪಾದನೆ, ದಾಸ್ತಾನು, ಸವಕಳಿ, ಹಣದುಬ್ಬರ, ಖೋಟಾ ಮಾಲು, ಮಾರುಕಟ್ಟೆ ಶುಲ್ಕ ಮೊದಲಾದ ಎಲ್ಲ ಪ್ರಶ್ನೆಗಳೂ ಅಲ್ಲಿ ಉದ್ಭವಿಸಿವೆ. ನಿಜ ಮಾರುಕಟ್ಟೆಯಲ್ಲಿ ದಶಕಗಳು ಹಿಡಿಯುವ ಪರಿಣಾಮಗಳು ಅಲ್ಲಿ ಕೆಲವೇ ತಿಂಗಳುಗಳಲ್ಲಿ ಕಾಣಿಸಿಕೊಂಡಿವೆ.

ಮಾಂತ್ರಿಕ ವಸ್ತು ಎಂಬ ಬಂಡವಾಳ

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಮಾಂತ್ರಿಕ ವಸ್ತು ಭೋಗವಸ್ತುವಲ್ಲ, ಬಂಡವಾಳ ಸರಕು. ಎವರ್‌ಕ್ವೆಸ್ಟ್‌ನಲ್ಲಿ ಕಪ್ಪು ರೇಷ್ಮೆಯ ನಡುಕಟ್ಟೊಂದು ಪ್ರಸಿದ್ಧವಾಗಿತ್ತು. ಅದನ್ನು ಧರಿಸಿದ ಯೋಧನ ಹೊಡೆತದ ವೇಗ ಹೆಚ್ಚುತ್ತಿತ್ತು. ವೇಗ ಹೆಚ್ಚಿದರೆ ಗಂಟೆಯೊಂದಕ್ಕೆ ಕೊಲ್ಲಬಹುದಾದ ರಾಕ್ಷಸರ ಸಂಖ್ಯೆ ಹೆಚ್ಚುತ್ತದೆ. ಅದರಿಂದ ದೊರೆಯುವ ನಾಣ್ಯ ಮತ್ತು ಸರಕೂ ಹೆಚ್ಚುತ್ತದೆ. ಕಾರ್ಖಾನೆಗೆ ವೇಗದ ಯಂತ್ರ ತಂದುಕೊಡುವ ಲಾಭವನ್ನೇ ಈ ನಡುಕಟ್ಟು ಆಟಗಾರನಿಗೆ ತಂದುಕೊಡುತ್ತಿತ್ತು.

ಈ ನಡುಕಟ್ಟು ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ. ಪಾಳುಬಿದ್ದ ನಗರವೊಂದರ ಆಳದಲ್ಲಿ ವಾಸಿಸುವ ಒಂದು ನಿರ್ದಿಷ್ಟ ಪಿಶಾಚಿಯನ್ನು ಕೊಂದಾಗ ಅದು ಕೆಲವೊಮ್ಮೆ ಮಾತ್ರ ದೊರೆಯುತ್ತಿತ್ತು. ಆ ಪಿಶಾಚಿ ಮತ್ತೆ ಹುಟ್ಟಿಬರುವವರೆಗೆ ಕಾಯಬೇಕಾಗಿತ್ತು. ಕಾಯುವವರ ಸರದಿ ಪಟ್ಟಿಯನ್ನು ಆಟಗಾರರೇ ಇಟ್ಟುಕೊಳ್ಳುತ್ತಿದ್ದರು. ಹೀಗಾಗಿ ಆ ವಸ್ತುವಿನ ಉತ್ಪಾದನಾ ವೆಚ್ಚವೆಂದರೆ ಕಾಯ್ದ ಗಂಟೆಗಳು. ಗಂಟೆಗಳಿಗೆ ಬೆಲೆಯಿರುವುದರಿಂದ ನಡುಕಟ್ಟಿಗೂ ಬೆಲೆ ಬಂದಿತು. ಮುಂದೆ ಚೀನಾದಲ್ಲಿ ಸಂಬಳಕ್ಕೆ ಆಳುಗಳನ್ನಿಟ್ಟು, ಪಾಳಿಯ ಮೇಲೆ ಆಟವಾಡಿಸಿ, ದೊರೆತ ನಾಣ್ಯವನ್ನು ಪಾಶ್ಚಾತ್ಯ ಆಟಗಾರರಿಗೆ ಮಾರುವ ಘಟಕಗಳು ಹುಟ್ಟಿಕೊಂಡದ್ದು ಇದೇ ತತ್ತ್ವದ ಮೇಲೆ.

ಇಂತಹ ವಸ್ತುಗಳನ್ನು ಕೊಳ್ಳುವವರು ಮತ್ತು ಮಾರುವವರು ಆರಂಭದಲ್ಲಿ ನೋರಾತ್‌ನ ಒಂದು ಸುರಂಗದಲ್ಲಿ ನೆರೆದು ಕೂಗಿ ವ್ಯಾಪಾರ ಮಾಡುತ್ತಿದ್ದರು. ಆಟದ ಕಂಪನಿ ಅದನ್ನು ಮಾರುಕಟ್ಟೆಯೆಂದು ಕಟ್ಟಿರಲಿಲ್ಲ. ಜನ ಓಡಾಡುವ ದಾರಿಯಲ್ಲಿ ಸಂತೆ ಬೆಳೆಯುವಂತೆ ಅದು ತಾನಾಗಿ ಬೆಳೆಯಿತು.

ನಲ್ಲಿ ಮತ್ತು ಬಚ್ಚಲು

ಆಟದ ಲೋಕದಲ್ಲಿ ಸರಕು ಮತ್ತು ಹಣ ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದೇ ಮುಖ್ಯ ಪ್ರಶ್ನೆ. ರಾಕ್ಷಸನನ್ನು ಕೊಂದಾಗಲೆಲ್ಲ ನಾಣ್ಯ ಹಾಗೂ ವಸ್ತುಗಳು ಶೂನ್ಯದಿಂದ ಸೃಷ್ಟಿಯಾಗುತ್ತವೆ. ಪ್ರತಿಯೊಬ್ಬ ರಾಕ್ಷಸನ ಹೊಟ್ಟೆಯಲ್ಲೂ ಒಂದು ಟಂಕಸಾಲೆ ಇದೆ ಎಂದರೆ ತಪ್ಪಾಗಲಾರದು. ಇದು ನೀರು ಸುರಿಸುವ ನಲ್ಲಿ. ಹೀಗೆ ಬಂದುದು ಲೋಕದಿಂದ ಹೊರಗೆ ಹರಿದುಹೋಗುವ ದಾರಿಯೇ ಬಚ್ಚಲು. ಬಚ್ಚಲಿಲ್ಲದ ಕೋಣೆ ಎಷ್ಟು ದೊಡ್ಡದಾದರೂ ಒಂದು ದಿನ ತುಂಬಿಯೇ ತುಂಬುತ್ತದೆ.

ಒಂದು ಸರಳ ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಲೋಕದಲ್ಲಿ 1,000 ಆಟಗಾರರಿದ್ದು, ದಿನಕ್ಕೆ 10 ಉತ್ತಮ ಖಡ್ಗಗಳು ಹುಟ್ಟುತ್ತವೆ ಎಂದಿಟ್ಟುಕೊಳ್ಳೋಣ. ಖಡ್ಗ ಎಂದಿಗೂ ಮುರಿಯದಿದ್ದರೆ 100 ದಿನಗಳಲ್ಲಿ ಎಲ್ಲರ ಕೈಯಲ್ಲೂ ಖಡ್ಗವಿರುತ್ತದೆ. 101ನೆಯ ದಿನದ ಖಡ್ಗಕ್ಕೆ ಗಿರಾಕಿಯೇ ಇರುವುದಿಲ್ಲ. ಅದರ ಬದಲು, ಇರುವ ಖಡ್ಗಗಳಲ್ಲಿ ದಿನಕ್ಕೆ ಶೇಕಡಾ 2ರಷ್ಟು ಮುರಿಯುತ್ತವೆ ಎಂದಾದರೆ ಒಟ್ಟು ದಾಸ್ತಾನು ಕ್ರಮೇಣ 500ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಆಗ ಹುಟ್ಟುವುದೂ 10, ಮುರಿಯುವುದೂ 10. ಅರ್ಧದಷ್ಟು ಆಟಗಾರರಿಗೆ ಬೇಡಿಕೆ ಉಳಿದೇ ಇರುತ್ತದೆ, ಬೆಲೆಯೂ ನಿಲ್ಲುತ್ತದೆ. ಎರಡೂ ಲೋಕಗಳಲ್ಲಿ ಉತ್ಪಾದನೆ ಒಂದೇ; ವ್ಯತ್ಯಾಸವಿರುವುದು ನಿರ್ಗಮನದಲ್ಲಿ ಮಾತ್ರ.

1997ರಲ್ಲಿ ಬಿಡುಗಡೆಯಾದ 'ಅಲ್ಟಿಮಾ ಆನ್‌ಲೈನ್' ಆಟದ ನಿರ್ಮಾಪಕರು ಈ ಸಮಸ್ಯೆಯನ್ನು ಮೊದಲೇ ಊಹಿಸಿದ್ದರು. ಲೋಕದಲ್ಲಿರುವ ಒಟ್ಟು ಸಂಪನ್ಮೂಲಕ್ಕೆ ಮಿತಿ ಹಾಕಿ, ಒಂದು ವಸ್ತು ನಾಶವಾದರೆ ಮಾತ್ರ ಅದರಲ್ಲಿದ್ದ ಮೂಲದ್ರವ್ಯ ಮತ್ತೆ ಗಣಿ, ಕಾಡುಗಳಿಗೆ ಮರಳುವ ಆವರ್ತ ವ್ಯವಸ್ಥೆಯನ್ನು ಅವರು ರೂಪಿಸಿದರು. ಕಾಗದದ ಮೇಲೆ ಇದು ನಿರ್ದುಷ್ಟವಾಗಿತ್ತು. ಆದರೆ ಆಟಗಾರರು ಕೈಗೆ ಸಿಕ್ಕಿದ್ದನ್ನೆಲ್ಲ ಮನೆಗಳಲ್ಲಿ ಪೇರಿಸಿಟ್ಟರು. ಬಳಸದ, ಮಾರದ, ಬಿಸಾಡದ ದಾಸ್ತಾನಿನಲ್ಲಿ ಮೂಲದ್ರವ್ಯ ಸಿಕ್ಕಿಕೊಂಡಿತು. ಹೊಸದಾಗಿ ಬಂದವರಿಗೆ ಅದಿರೂ ಇಲ್ಲ, ಬೇಟೆಯೂ ಇಲ್ಲ ಎಂಬ ಸ್ಥಿತಿ ಬಂದೊದಗಿತು. ಇನ್ನೊಂದೆಡೆ, ಕಮ್ಮಾರ ಹಾಗೂ ದರ್ಜಿ ಪಾತ್ರಗಳು ಕೆಲಸ ಮಾಡಿದಷ್ಟೂ ನೈಪುಣ್ಯ ಹೆಚ್ಚುವ ನಿಯಮವಿದ್ದುದರಿಂದ, ಯಾರಿಗೂ ಬೇಡವಾದ ಮಾಲು ರಾಶಿರಾಶಿಯಾಗಿ ತಯಾರಾಯಿತು. ಕೊನೆಗೆ ಆವರ್ತ ವ್ಯವಸ್ಥೆಯನ್ನು ಕೈಬಿಟ್ಟು ನಲ್ಲಿ-ಬಚ್ಚಲಿನ ಕ್ರಮವನ್ನೇ ಅನುಸರಿಸಬೇಕಾಯಿತು. ದಾಸ್ತಾನು ಮಾಡುವ ಮನುಷ್ಯಸ್ವಭಾವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ವಿಫಲವಾಗುವುದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಹಳೆಯ ಮಾಲಿನ ಹೊರೆ

ನೋರಾತ್‌ನ ವಸ್ತುಗಳು ಬಳಕೆಯಿಂದ ಸವೆಯುತ್ತಿರಲಿಲ್ಲ. ಪಳಗಿದ ಆಟಗಾರನಿಗೆ ಉತ್ತಮ ಖಡ್ಗ ದೊರೆತೊಡನೆ ಆತ ಹಳೆಯದನ್ನು ಮಾರುತ್ತಿದ್ದ, ಇಲ್ಲವೇ ತನ್ನದೇ ಹೊಸ ಪಾತ್ರಕ್ಕೆ ತೊಡಿಸುತ್ತಿದ್ದ. ಇದರೊಂದಿಗೆ ಕಂಪನಿ 2000ರ ಏಪ್ರಿಲ್‌ನಲ್ಲಿ ಮತ್ತು ಅದೇ ವರ್ಷದ ಡಿಸೆಂಬರ್‌ನಲ್ಲಿ ಹೊಸ ಭೂಭಾಗಗಳನ್ನು ಸೇರಿಸಿ, ಮತ್ತಷ್ಟು ಪ್ರಬಲವಾದ ವಸ್ತುಗಳನ್ನು ಪರಿಚಯಿಸಿತು. ಪರಿಣಾಮವಾಗಿ ಹಿಂದೆ ಶ್ರೀಮಂತರ ಸೊತ್ತಾಗಿದ್ದ ವಸ್ತುಗಳ ಬೆಲೆ ಕುಸಿಯುತ್ತಾ ಬಂದಿತು. ಲೆಕ್ಕಪರಿಶೋಧಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಬಳಕೆಯ ಸವಕಳಿ ಸೊನ್ನೆ. ಆದರೆ ಕಾಲಬಾಹಿರವಾಗುವುದರಿಂದ ಉಂಟಾಗುವ ನಷ್ಟ ಅಪಾರ. ವಸ್ತು ಹೊಸದರಂತೆ ಹೊಳೆಯುತ್ತಿದ್ದರೂ ಅದರ ಪುಸ್ತಕ ಮೌಲ್ಯ ಉಳಿಯಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ಆಟದಲ್ಲಿದೆ. ದೇಹಬಲವನ್ನು ಮಂತ್ರಶಕ್ತಿಯನ್ನಾಗಿ ಪರಿವರ್ತಿಸುವ 'ಮನಾಸ್ಟೋನ್' ಎಂಬ ಕಲ್ಲು ಅತಿ ಪ್ರಬಲವೆನಿಸಿದ್ದರಿಂದ, ಅದು ಇನ್ನು ಮುಂದೆ ಹುಟ್ಟದಂತೆ ಕಂಪನಿ ತಡೆಯಿತು. ಆಗಲೇ ಆಟಗಾರರ ಬಳಿಯಿದ್ದ ಕಲ್ಲುಗಳನ್ನು ಮಾತ್ರ ಹಿಂಪಡೆಯಲಿಲ್ಲ. ನಲ್ಲಿ ಮುಚ್ಚಿದ ಮೇಲೆ ಆ ಕಲ್ಲುಗಳು ಅತ್ಯಂತ ದುಬಾರಿ ವಸ್ತುಗಳ ಸಾಲಿಗೆ ಸೇರಿದವು. ಕಲ್ಲಿನ ಗುಣ ಹೆಚ್ಚಲಿಲ್ಲ. ಹೆಚ್ಚಿದ್ದು ಅದು ಮತ್ತೆ ಬಾರದೆಂಬ ಖಾತರಿ ಮಾತ್ರ.

ಉಂಗುರವೇ ಹಣವಾದ ಬಗೆ

2000ರಲ್ಲಿ ಬ್ಲಿಝಾರ್ಡ್ ಕಂಪನಿ ಹೊರತಂದ 'ಡಯಾಬ್ಲೊ 2' ಆಟದಲ್ಲಿ ಚಿನ್ನದ ನಾಣ್ಯಗಳಿದ್ದವು. ಆದರೆ ನಾಣ್ಯ ಹೇರಳವಾಗಿ ಸಿಗುತ್ತಿತ್ತು. ಅದರಿಂದ ಕೊಳ್ಳಬಹುದಾದ ಉಪಯುಕ್ತ ವಸ್ತು ಕಡಿಮೆಯಿತ್ತು. ಪಾತ್ರವು ಒಯ್ಯಬಹುದಾದ ನಾಣ್ಯಕ್ಕೆ ಮಿತಿಯಿತ್ತು. ಪಾತ್ರ ಸತ್ತರೆ ಒಂದು ಭಾಗ ಕೈಬಿಡುತ್ತಿತ್ತು. ಇಂತಹ ನಾಣ್ಯವನ್ನು ಯಾರೂ ಬೆಲೆಬಾಳುವ ವಸ್ತುವಿಗೆ ಬದಲಾಗಿ ಸ್ವೀಕರಿಸಲಿಲ್ಲ. ಅದರ ಬದಲು 'ಸ್ಟೋನ್ ಆಫ್ ಜೋರ್ಡನ್' ಎಂಬ ಮಾಂತ್ರಿಕ ಉಂಗುರ ಆಟಗಾರರ ನಡುವೆ ಹಣವಾಗಿ ಚಲಾವಣೆಗೆ ಬಂದಿತು.

ಹಣಕ್ಕಿರಬೇಕಾದ ಲಕ್ಷಣಗಳೆಲ್ಲ ಆ ಉಂಗುರಕ್ಕಿದ್ದವು. ಅದು ಪೆಟ್ಟಿಗೆಯಲ್ಲಿ ಒಂದೇ ಚೌಕದ ಜಾಗ ಹಿಡಿಯುತ್ತಿತ್ತು. ಸವೆಯುತ್ತಿರಲಿಲ್ಲ. ಒಂದು ಉಂಗುರದ ಗುಣವೇ ಮತ್ತೊಂದರದೂ ಆಗಿತ್ತು. ಎಲ್ಲ ವಿದ್ಯೆಗಳನ್ನೂ ಒಂದು ಮೆಟ್ಟಿಲು ಏರಿಸುತ್ತಿದ್ದುದರಿಂದ ಎಲ್ಲ ಬಗೆಯ ಪಾತ್ರಗಳಿಗೂ ಅದು ಉಪಯುಕ್ತವಾಗಿತ್ತು. ಸಿಗುವುದೂ ಅಪರೂಪ. ಸರ್ಕಾರದ ಮುದ್ರೆಯಿಲ್ಲದಿದ್ದರೂ ವರ್ತಕರ ನಂಬಿಕೆಯೊಂದರಿಂದಲೇ ಒಂದು ವಸ್ತು ಹಣವಾಗಬಲ್ಲದೆಂಬ ಪಠ್ಯಪುಸ್ತಕದ ಮಾತು ಹೀಗೆ ಕಣ್ಣೆದುರಿಗೆ ಸಾಬೀತಾಯಿತು.

ಹಣವಾದೊಡನೆ ಖೋಟಾ ತಯಾರಕರೂ ಹುಟ್ಟಿಕೊಂಡರು. ಆಟದ ಪ್ರೋಗ್ರಾಮಿನ ದೋಷಗಳನ್ನು ಬಳಸಿ ಒಂದು ಉಂಗುರದಿಂದ ಅನೇಕ ನಕಲುಗಳನ್ನು ಮಾಡಲಾಯಿತು. ಅಸಲಿ ಯಾವುದು, ನಕಲಿ ಯಾವುದು ಎಂಬುದನ್ನು ನೋಡಿ ಹೇಳಲು ಸಾಧ್ಯವಿರಲಿಲ್ಲ. ಉಂಗುರಗಳ ಪ್ರವಾಹವೇ ಹರಿದು, ಹಣದುಬ್ಬರ ಉಂಗುರಕ್ಕೂ ತಗುಲಿತು. 2003ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಪರಿಷ್ಕರಣೆಯಲ್ಲಿ ಕಂಪನಿ ಒಂದು ಚತುರ ಉಪಾಯ ಮಾಡಿತು. ಆಟಗಾರರು ಈ ಉಂಗುರಗಳನ್ನು ಆಟದೊಳಗಿನ ಅಂಗಡಿಕಾರರಿಗೆ ಮಾರಿದರೆ ಅವು ಶಾಶ್ವತವಾಗಿ ಮರೆಯಾಗುತ್ತಿದ್ದವು. ಸಾಕಷ್ಟು ಉಂಗುರಗಳು ಹೀಗೆ ಮಾರಾಟವಾದ ಮೇಲೆ ಒಬ್ಬ ವಿಶೇಷ ದೈತ್ಯ ಕಾಣಿಸಿಕೊಳ್ಳುತ್ತಿದ್ದ. ಅವನನ್ನು ಕೊಂದವರಿಗೆ ಬೇರೆಲ್ಲೂ ಸಿಗದ ತಾಯಿತವೊಂದು ದೊರೆಯುತ್ತಿತ್ತು. ಯಾರನ್ನೂ ಶಿಕ್ಷಿಸದೆ, ಯಾವುದನ್ನೂ ಜಪ್ತಿ ಮಾಡದೆ, ಆಟಗಾರರು ತಾವಾಗಿಯೇ ಉಂಗುರಗಳನ್ನು ಬಚ್ಚಲಿಗೆ ಸುರಿಯುವಂತೆ ಮಾಡಿದ ಕ್ರಮವಿದು.

ನಿರ್ಗಮನದ ನಾಲ್ಕು ದಾರಿಗಳು

ಅದೇ ಕಂಪನಿ 2004ರ ನವೆಂಬರ್‌ನಲ್ಲಿ ಆರಂಭಿಸಿದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟದಲ್ಲಿ ಹಿಂದಿನ ಅನುಭವಗಳ ಪಾಠ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ನಾಲ್ಕು ವ್ಯವಸ್ಥೆಗಳನ್ನು ಮಾಡಲಾಯಿತು.

ಒಂದನೆಯದು ದುರಸ್ತಿ. ಆಯುಧ, ಕವಚಗಳು ಬಳಕೆಯಿಂದ ಹಾಗೂ ಪಾತ್ರದ ಮರಣದಿಂದ ಸವೆಯುತ್ತವೆ. ಅಂಗಡಿಕಾರನಿಗೆ ಚಿನ್ನ ತೆತ್ತು ಸರಿಪಡಿಸಿಕೊಳ್ಳಬೇಕು. ಆ ಚಿನ್ನ ಲೋಕದಿಂದಲೇ ಹೊರಟುಹೋಗುತ್ತದೆ.

ಎರಡನೆಯದು ಬಂಧನ. ಕೆಲವು ವಸ್ತುಗಳು ಕೈಗೆತ್ತಿಕೊಂಡೊಡನೆ, ಇನ್ನು ಕೆಲವು ಧರಿಸಿದೊಡನೆ ಆ ಪಾತ್ರಕ್ಕೇ ಕಟ್ಟುಬೀಳುತ್ತವೆ. ಅನಂತರ ಅವುಗಳನ್ನು ಇನ್ನೊಬ್ಬ ಆಟಗಾರನಿಗೆ ಮಾರುವಂತಿಲ್ಲ. ಇದರಿಂದ ಹಳೆಯ ಮಾಲಿನ ಮಾರುಕಟ್ಟೆಯೇ ಇಲ್ಲವಾಗಿ, ಹೊಸ ಮಾಲಿಗೆ ಗಿರಾಕಿ ಉಳಿಯುತ್ತದೆ.

ಮೂರನೆಯದು ಶುಲ್ಕ. ಹರಾಜು ಕಟ್ಟೆಯಲ್ಲಿ ನಡೆಯುವ ಮಾರಾಟದ ಮೇಲೆ ಶೇಕಡಾ 5ರಷ್ಟು ಕಡಿತವಿರುತ್ತದೆ. ನಿಜ ಮಾರುಕಟ್ಟೆಯಲ್ಲಿ ದಲಾಲಿಯು ದಲ್ಲಾಳಿಯ ಜೇಬಿಗೆ ಸೇರಿ ಮತ್ತೆ ಚಲಾವಣೆಗೆ ಬರುತ್ತದೆ. ಇಲ್ಲಿ ಅದು ಯಾರಿಗೂ ಸೇರದೆ ಅಳಿದುಹೋಗುತ್ತದೆ.

ನಾಲ್ಕನೆಯದು ಗುಜರಿ. ಮಂತ್ರವಿದ್ಯೆ ಬಲ್ಲ ಕುಶಲಕರ್ಮಿ ಬೇಡವಾದ ಮಾಂತ್ರಿಕ ವಸ್ತುವನ್ನು ಒಡೆದು ಪುಡಿ, ಸತ್ವ, ಹರಳುಗಳನ್ನಾಗಿ ಮಾಡುತ್ತಾನೆ. ಅವೇ ಬೇರೆ ಆಯುಧಗಳಿಗೆ ಮಂತ್ರಶಕ್ತಿ ತುಂಬಲು ಕಚ್ಚಾವಸ್ತು. ಹೀಗೆ ಗಿರಾಕಿಯಿಲ್ಲದ ವಸ್ತುವಿಗೂ ಒಂದು ಕನಿಷ್ಠ ಬೆಲೆ ದೊರಕಿತು. ಹಳೆಯ ಯಂತ್ರಕ್ಕೆ ಕಬ್ಬಿಣದ ತೂಕದ ಬೆಲೆ ಇದ್ದೇ ಇರುವಂತೆ ಇದು.

ಇಷ್ಟಾದರೂ ಕಾಲಬಾಹಿರತೆಯ ಸಮಸ್ಯೆ ಪೂರ್ತಿ ತಪ್ಪಲಿಲ್ಲ. 2007ರ ಜನವರಿಯಲ್ಲಿ ಹೊಸ ಭೂಭಾಗ ತೆರೆದಾಗ, ತಿಂಗಳುಗಟ್ಟಲೆ ತಂಡ ಕಟ್ಟಿ ಹೋರಾಡಿ ಪಡೆದ ವಸ್ತುಗಳನ್ನು ಅಲ್ಲಿಯ ಸಾಧಾರಣ ವಸ್ತುಗಳೇ ಹಿಂದಿಕ್ಕಿದವು.

ಮಾರುಕಟ್ಟೆಯೇ ಆಟವನ್ನು ನುಂಗಿದಾಗ

2012ರ ಮೇ 15ರಂದು ಬಿಡುಗಡೆಯಾದ 'ಡಯಾಬ್ಲೊ 3' ಆಟದಲ್ಲಿ ಬ್ಲಿಝಾರ್ಡ್ ಒಂದು ಹೆಜ್ಜೆ ಮುಂದೆ ಹೋಯಿತು. ಕದ್ದುಮುಚ್ಚಿ ನಡೆಯುವ ಮಾರಾಟವನ್ನು ತಡೆಯುವ ಬದಲು ತಾನೇ ಅಧಿಕೃತ ಹರಾಜು ಕಟ್ಟೆಯನ್ನು ತೆರೆಯಿತು. ಒಂದರಲ್ಲಿ ಆಟದ ಚಿನ್ನ, ಇನ್ನೊಂದರಲ್ಲಿ ನಿಜವಾದ ಹಣ. ನಿಜ ಹಣದ ಕಟ್ಟೆಯಲ್ಲಿ ಅಮೆರಿಕದ ಆಟಗಾರರಿಗೆ ಆಯುಧಾದಿಗಳ ಮಾರಾಟಕ್ಕೆ ವಸ್ತುವೊಂದಕ್ಕೆ 1 ಡಾಲರ್ ಶುಲ್ಕವಿತ್ತು. ಬೆಲೆಯ ಮೇಲ್ಮಿತಿ 250 ಡಾಲರ್.

ವ್ಯವಸ್ಥೆ ಪಾರದರ್ಶಕವಾಗಿತ್ತು, ಸುಲಭವಾಗಿತ್ತು, ಮೋಸದ ಭಯವೂ ಕಡಿಮೆಯಿತ್ತು. ತೊಂದರೆ ಬಂದದ್ದು ಅಲ್ಲಿಯೇ. ಲಕ್ಷಾಂತರ ಆಟಗಾರರಿಗೆ ದೊರೆತ ಮಾಲು ಒಂದೇ ಕಟ್ಟೆಗೆ ಬಂದು ಬಿದ್ದಿತು. ಧರಿಸಿದ ವಸ್ತುವನ್ನೂ ಮತ್ತೆ ಮಾರಬಹುದಾಗಿದ್ದರಿಂದ ಯಾವುದೂ ಹೊರಗೆ ಹೋಗಲಿಲ್ಲ. ಸಾಧಾರಣ ಮಾಲಿನ ಬೆಲೆ ನೆಲ ಕಚ್ಚಿತು. ಅತ್ಯುತ್ತಮ ಮಾಲು ಮಾತ್ರ ಗಗನಕ್ಕೇರಿತು. ರಾಕ್ಷಸನನ್ನು ಕೊಂದು ಉತ್ತಮ ಖಡ್ಗಕ್ಕಾಗಿ ಕಾಯುವುದಕ್ಕಿಂತ, ಚಿನ್ನ ಕೂಡಿಸಿ ಕಟ್ಟೆಯಲ್ಲಿ ಕೊಳ್ಳುವುದೇ ಲಾಭಕರವಾಯಿತು. ಖಡ್ಗವನ್ನು ಬಯಸುವುದಕ್ಕೆ ಕಾರಣವಾಗಿದ್ದ ಹೋರಾಟವೇ ಅನಗತ್ಯವೆನಿಸಿದ ಮೇಲೆ ಆಟದ ಸ್ವಾರಸ್ಯ ಕುಂದಿತು. 2013ರ ಮೇ ತಿಂಗಳಲ್ಲಿ ಪ್ರೋಗ್ರಾಮಿನ ದೋಷದಿಂದಾಗಿ ಕಟ್ಟೆಯ ಮೂಲಕವೇ ಚಿನ್ನವನ್ನು ನಕಲು ಮಾಡುವ ದಾರಿ ತೆರೆದು, ವ್ಯವಹಾರವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಹರಾಜು ಕಟ್ಟೆಯು ಆಟದ ಮೂಲ ಉದ್ದೇಶಕ್ಕೇ ಧಕ್ಕೆ ತರುತ್ತಿದೆಯೆಂದು ಕಂಪನಿಯೇ ಪ್ರಕಟಿಸಿತು. 2014ರ ಮಾರ್ಚ್ 18ರಂದು ಎರಡೂ ಕಟ್ಟೆಗಳು ಮುಚ್ಚಿದವು. ಶುಲ್ಕದ ಆದಾಯ ಬರುತ್ತಿದ್ದ ಮಾರುಕಟ್ಟೆಯನ್ನು ಅದರ ಮಾಲೀಕನೇ ಮುಚ್ಚಿದ ಇಂತಹ ಪ್ರಸಂಗ ಅಪರೂಪ.

ಖಡ್ಗದ ಒಡೆಯ ಯಾರು?

ಇಷ್ಟೆಲ್ಲ ಬೆಲೆಬಾಳುವ ವಸ್ತು ಯಾರ ಆಸ್ತಿ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಆಟದ ಕಂಪನಿಗಳ ಕರಾರುಗಳು ಸಾಮಾನ್ಯವಾಗಿ ಅದು ಕಂಪನಿಯ ಆಸ್ತಿಯೆಂದೂ ಆಟಗಾರನಿಗೆ ಬಳಕೆಯ ಪರವಾನಗಿ ಮಾತ್ರ ಇದೆಯೆಂದೂ ಹೇಳುತ್ತವೆ. ಸೋನಿ ಸಂಸ್ಥೆಯ ಕೋರಿಕೆಯ ಮೇರೆಗೆ ಇಬೇ ಹರಾಜು ತಾಣವು 2001ರ ಜನವರಿಯಲ್ಲಿ ಎವರ್‌ಕ್ವೆಸ್ಟ್ ವಸ್ತುಗಳ ಮಾರಾಟವನ್ನು ತೆಗೆದುಹಾಕಿತು.

ನ್ಯಾಯಾಲಯಗಳು ಬೇರೆ ರೀತಿಯಲ್ಲಿ ಯೋಚಿಸಿದ್ದೂ ಉಂಟು. 2003ರಲ್ಲಿ ಬೀಜಿಂಗ್‌ನ ನ್ಯಾಯಾಲಯವೊಂದು, ಕಳವಾದ ಆಟದ ಆಯುಧಗಳನ್ನು ಆಟಗಾರನಿಗೆ ಮರಳಿ ಒದಗಿಸುವಂತೆ ಕಂಪನಿಗೆ ಆದೇಶಿಸಿತು. ನೆದರ್ಲೆಂಡ್ಸ್‌ನಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದ ಬಾಲಕನೊಬ್ಬನನ್ನು ಹೊಡೆದು, ಬೆದರಿಸಿ, 'ರೂನ್‌ಸ್ಕೇಪ್' ಆಟದಲ್ಲಿ ಅವನಿಗಿದ್ದ ತಾಯಿತ ಮತ್ತು ಮುಖವಾಡವನ್ನು ಕಿತ್ತುಕೊಂಡರು. ಇವು ಮುಟ್ಟಲಾಗದ ವಸ್ತುಗಳಾದ್ದರಿಂದ ಕಳವು ಎನಿಸದೆಂಬ ವಾದವನ್ನು ಆ ದೇಶದ ಸರ್ವೋಚ್ಚ ನ್ಯಾಯಾಲಯ 2012ರ ಜನವರಿ 31ರಂದು ತಳ್ಳಿಹಾಕಿತು. ಬಾಲಕ ವ್ಯಯಿಸಿದ ಸಮಯ ಮತ್ತು ಶ್ರಮದಿಂದಾಗಿ ಅವುಗಳಿಗೆ ಮೌಲ್ಯವಿದೆ ಎಂಬುದನ್ನು ನ್ಯಾಯಾಲಯ ಒಪ್ಪಿತು.

ಕಾನೂನಿನ ಈ ಅಸ್ಪಷ್ಟತೆಗೆ ಜೀವವೇ ಬಲಿಯಾದ ಪ್ರಕರಣವೂ ಇದೆ. ಶಾಂಘೈ ನಗರದಲ್ಲಿ ಆಟಗಾರನೊಬ್ಬ ತನ್ನ 'ಡ್ರ್ಯಾಗನ್ ಖಡ್ಗ'ವನ್ನು ಗೆಳೆಯನಿಗೆ ಬಳಸಲು ಕೊಟ್ಟಿದ್ದ. ಗೆಳೆಯ ಅದನ್ನು 7,200 ಯುವಾನ್‌ಗೆ ಮಾರಿಬಿಟ್ಟ. ಪೊಲೀಸರಲ್ಲಿ ದೂರಿದಾಗ, ಇಂತಹ ವಸ್ತು ಕಾನೂನಿನ ರಕ್ಷಣೆಯುಳ್ಳ ಆಸ್ತಿಯಲ್ಲವೆಂಬ ಉತ್ತರ ಬಂದಿತು. ಅನಂತರ ಆತ ಗೆಳೆಯನನ್ನು ಇರಿದು ಕೊಂದ. 2005ರಲ್ಲಿ ಅವನಿಗೆ ಜಾರಿ ಅಮಾನತಿನಲ್ಲಿಟ್ಟ ಮರಣದಂಡನೆ ವಿಧಿಸಲಾಯಿತು.

ವ್ಯಾಪಾರಸ್ಥರಿಗೆ ಪಾಠ

ಈ ಲೋಕಗಳ ಅನುಭವದಿಂದ ಕೆಲವು ಅಂಶಗಳನ್ನು ನೇರವಾಗಿ ಅಂಗಡಿ, ಕಾರ್ಖಾನೆಗಳಿಗೆ ಅನ್ವಯಿಸಬಹುದು.

ಮೊದಲನೆಯದಾಗಿ, ಬಹುಕಾಲ ಬಾಳುವ ಸರಕನ್ನು ತಯಾರಿಸುವವನಿಗೆ ತಾನು ಹಿಂದೆ ಮಾರಿದ ಮಾಲೇ ಪ್ರತಿಸ್ಪರ್ಧಿ. ಆದ್ದರಿಂದ ಉತ್ಪಾದನಾ ಸಾಮರ್ಥ್ಯವನ್ನು ಹೆಚ್ಚಿಸುವ ಮುನ್ನ, ಈಗಾಗಲೇ ಬಳಕೆಯಲ್ಲಿರುವ ಮಾಲು ಎಷ್ಟು ವರ್ಷಕ್ಕೊಮ್ಮೆ ಬದಲಾಗುತ್ತದೆ ಎಂಬ ಲೆಕ್ಕ ಅಗತ್ಯ. ಎರಡನೆಯದಾಗಿ, ದುರಸ್ತಿ, ಬಿಡಿಭಾಗ ಹಾಗೂ ಹಳೆಯ ಮಾಲಿನ ಮರುಖರೀದಿಯನ್ನು ಕೇವಲ ಗಿರಾಕಿಯ ಸೌಕರ್ಯವೆಂದು ಕಾಣದೆ, ಬೇಡಿಕೆಯನ್ನು ಕಾಪಾಡುವ ಬಚ್ಚಲುಗಳೆಂದು ಕಾಣಬೇಕು.

ಮೂರನೆಯದಾಗಿ, ದಾಸ್ತಾನಿನ ಮೌಲ್ಯವನ್ನು ಅದಕ್ಕೆ ತಗುಲಿದ ಶ್ರಮದಿಂದ ಅಳೆಯಬಾರದು. ವೆಚ್ಚ ಅಥವಾ ಮಾರಾಟದಿಂದ ದೊರೆಯಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯಾದುದನ್ನೇ ಲೆಕ್ಕಕ್ಕೆ ಹಿಡಿಯಬೇಕೆಂಬ ಲೆಕ್ಕಪದ್ಧತಿಯ ನಿಯಮ ನೋರಾತ್‌ನ ನಡುಕಟ್ಟಿಗೂ ಅನ್ವಯಿಸುತ್ತದೆ, ಗೋದಾಮಿನಲ್ಲಿ ಮೂರು ವರ್ಷ ಕುಳಿತ ಮಾಲಿಗೂ ಅನ್ವಯಿಸುತ್ತದೆ. ನಾಲ್ಕನೆಯದಾಗಿ, ಎಲ್ಲ ಮಾಲನ್ನೂ ಒಂದೇ ಪರದೆಯ ಮೇಲೆ ಬೆಲೆಯ ಕ್ರಮದಲ್ಲಿ ಜೋಡಿಸುವ ಮಾರುಕಟ್ಟೆ ಗಿರಾಕಿಗೆ ಅನುಕೂಲವಾದರೂ ಮಧ್ಯಮ ದರ್ಜೆಯ ಮಾಲಿನ ಲಾಭಾಂಶವನ್ನು ಕರಗಿಸುತ್ತದೆ. ಇಂಟರ್‌ನೆಟ್ ಮಳಿಗೆಗಳಲ್ಲಿ ಮಾರಲು ಹೊರಡುವ ಸಣ್ಣ ತಯಾರಕರು ತಮ್ಮ ಮಾಲಿನ ವಿಶೇಷವನ್ನು ಮೊದಲು ಗುರುತಿಸಿಕೊಳ್ಳುವುದು ಒಳಿತು.

ಕೊನೆಯದಾಗಿ, ಬೇರೊಬ್ಬನ ವೇದಿಕೆಯ ಮೇಲೆ ಕಟ್ಟಿದ ಸಂಪತ್ತು ಆ ವೇದಿಕೆಯ ಕರಾರಿಗೆ ಒಳಪಟ್ಟಿರುತ್ತದೆ. ಆಟಗಾರನ ಖಡ್ಗದಂತೆಯೇ, ಇಂಟರ್‌ನೆಟ್ ಮಳಿಗೆಯಲ್ಲಿ ವರ್ತಕ ವರ್ಷಗಟ್ಟಲೆ ಗಳಿಸಿದ ಖಾತೆ, ಗಿರಾಕಿಗಳ ಅಭಿಪ್ರಾಯ, ಪಟ್ಟಿಯಲ್ಲಿನ ಸ್ಥಾನ ಇವೆಲ್ಲ ಮತ್ತೊಬ್ಬರ ದಾಖಲೆಯಲ್ಲಿರುವ ನಮೂದುಗಳು. ಸಹಿ ಹಾಕುವ ಮುನ್ನ ಕರಾರನ್ನು ಪೂರ್ತಿ ಓದುವುದು, ಗಿರಾಕಿಗಳ ವಿವರ ಹಾಗೂ ಮಾರಾಟದ ಲೆಕ್ಕದ ಪ್ರತಿಯನ್ನು ತನ್ನ ಬಳಿಯೂ ಇಟ್ಟುಕೊಳ್ಳುವುದು, ವಹಿವಾಟನ್ನೆಲ್ಲ ಒಂದೇ ಕಟ್ಟೆಗೆ ಒಪ್ಪಿಸದಿರುವುದು ಪ್ರತಿಯೊಬ್ಬ ವರ್ತಕನೂ ತೆಗೆದುಕೊಳ್ಳಬೇಕಾದ ಎಚ್ಚರಿಕೆಯ ಕ್ರಮಗಳಾಗಿವೆ.